ನಲವತ್ತು ದಿನದ ಪಾಠ

ಬೂದಿ ಬುಧವಾರ ಮೊದಲ್ಗೊಂಡು ಪಾಸ್ಕ ಹಬ್ಬದವರೆಗೆ ಕ್ರೈಸ್ತರು ನಡೆಸುವ ವ್ರತಕ್ಕೆ ಒಂದೊಂದು ನುಡಿಯಲ್ಲಿ ಒಂದೊಂದು ಹೆಸರು. ನಮ್ಮ ಕನ್ನಡದ ಕಥೋಲಿಕರು ಅದನ್ನು ತಪಸ್ಸುಕಾಲವೆನ್ನುತ್ತಾರೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಬಾಯಲ್ಲಿ ಅದು ಕರೇಜ್ಮ್. ಪೋರ್ಚುಗೀಸರ ‘ಕ್ವರೆಸ್ಮ’ ಎಂಬ ಮಾತು ಗೋವೆಯ ಹಾದಿಯಾಗಿ ಬಂದು ಹೀಗೆ ಸವೆದುಕೊಂಡಿದೆ. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ‘ನಲವತ್ತನೆಯದು’ ಎಂದಷ್ಟೇ ಅರ್ಥ. ಇಂಗ್ಲಿಷಿನ ‘ಲೆಂಟ್’ ಎಂಬುದಕ್ಕೂ ಉಪವಾಸಕ್ಕೂ ಮೂಲದಲ್ಲಿ ಸಂಬಂಧವೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ವಸಂತ ಋತುವಿನ ಹೆಸರು, ಹಗಲು ಉದ್ದವಾಗುವ ಕಾಲವೆಂಬ ಭಾವನೆಯಿಂದ ಹುಟ್ಟಿದ್ದು. ಕೇರಳದ ಸುರಿಯಾನಿ ಕ್ರೈಸ್ತರು ‘ಐವತ್ತು ನೋಂಬು’ ಹಿಡಿಯುತ್ತಾರೆ. ಈ ನೋಂಬು ಕನ್ನಡಿಗರಿಗೆ ಪರಕೀಯವಲ್ಲ. ಹಳಗನ್ನಡದಲ್ಲಿ ‘ನೋನ್’ ಎಂದರೆ ವ್ರತವನ್ನಾಚರಿಸು ಎಂದು. ಜೈನರ ಮನೆಗಳಲ್ಲಿ ನೋಂಪಿಯ ಕಥೆಗಳನ್ನು ಓದಿಸಿ ಕೇಳುವ ಪದ್ಧತಿ ಬಹಳ ಹಿಂದಿನದು. ಶಬ್ದಗಳ ಬೆನ್ನುಹತ್ತುವುದು ಕನ್ನಡ ಪಂಡಿತರಿಗೆ ಅಂಟಿದ ಚಪಲ. ಆದರೂ ಈ ನಾಲ್ಕು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ಹೊಳೆಯದೆ ಇರದು. ಒಂದು ಹೆಸರು ಎಣಿಕೆಯದು, ಒಂದು ಋತುವಿನದು, ಒಂದು ಸಂಕಲ್ಪದ್ದು, ಒಂದು ಕಾವಿನದು. ಇಂಥದನ್ನು ತಿನ್ನಬಾರದು, ಇಂಥದನ್ನು ಮಾಡಬಾರದು ಎಂಬ ನಿಷೇಧವನ್ನು ಹೇಳುವ ಹೆಸರು ಈ ನಾಲ್ಕರಲ್ಲಿ ಒಂದೂ ಇಲ್ಲ.

ಆದರೆ ಹೊರಗಿನವರಾದ ನಮಗೆ ಈ ವ್ರತದ ವಿಷಯದಲ್ಲಿ ಗೊತ್ತಿರುವುದೆಲ್ಲ ನಿಷೇಧಗಳೇ. ಮಾಂಸ ಬಿಡುತ್ತಾರೆ, ಮದುವೆ ಮುಂಜಿಯಂಥ ಸಂಭ್ರಮಗಳನ್ನು ಮುಂದಕ್ಕೆ ಹಾಕುತ್ತಾರೆ, ಇಗರ್ಜಿಯಲ್ಲಿ ಊದಾ ಬಣ್ಣದ ಬಟ್ಟೆ ಹಾಕುತ್ತಾರೆ ಎಂದಿಷ್ಟು ಹೇಳಿಬಿಟ್ಟರೆ ವಿಷಯ ಮುಗಿಯಿತೆಂದು ತಿಳಿಯುತ್ತೇವೆ. ಒಳಗಿನವರಲ್ಲಿಯೂ ಅನೇಕರು ‘ಈ ಸಲ ಏನು ಬಿಟ್ಟಿರಿ?’ ಎಂದೇ ಒಬ್ಬರನ್ನೊಬ್ಬರು ಕೇಳುತ್ತಾರಂತೆ. ಏಕಾದಶಿಯ ದಿನ ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣುಗಳಿಂದ ಎರಡು ಊಟದಷ್ಟು ಫಲಾಹಾರ ಮಾಡುವ ನಾವು ಅವರನ್ನು ಕಂಡು ನಗುವಂತಿಲ್ಲ. ಬಿಡುವುದು ಎಲ್ಲ ಮತಗಳಲ್ಲಿಯೂ ಸುಲಭವಾಗಿ ಲೆಕ್ಕಕ್ಕೆ ಸಿಕ್ಕುವ ಭಾಗ; ಬೆಳೆಯುವುದು ಲೆಕ್ಕಕ್ಕೆ ಸಿಕ್ಕುವುದಿಲ್ಲ. ಈ ನಲವತ್ತು ದಿನಗಳ ಚರಿತ್ರೆಯನ್ನು ಹಿಂದಕ್ಕೆ ಓದಿಕೊಂಡು ಹೋದರೆ ಮಾತ್ರ ಅದರ ಬುಡದಲ್ಲಿ ಕಾಣುವುದು ಅಡಿಗೆಮನೆಯಲ್ಲ, ಪಾಠಶಾಲೆ.

ಮೊದಲಿಗೆ ನಲವತ್ತು ದಿನವೂ ಇರಲಿಲ್ಲ. ಎರಡನೆಯ ಶತಮಾನದ ಕೊನೆಯಲ್ಲಿ ಪಾಸ್ಕ ಹಬ್ಬವನ್ನು ಯಾವ ದಿನ ಆಚರಿಸಬೇಕೆಂಬ ವಿಷಯವಾಗಿ ದೊಡ್ಡ ಜಗಳವೆದ್ದಿತು. ಆಗ ಗಾಲ್ ದೇಶದ ಲಿಯಾನ್ ಪಟ್ಟಣದ ಬಿಷಪ್ಪನಾಗಿದ್ದ ಐರೇನಿಯಸನು ರೋಮಿನ ಬಿಷಪ್ಪನಾದ ವಿಕ್ಟರನಿಗೆ ಒಂದು ಕಾಗದ ಬರೆದನು. ಹಬ್ಬಕ್ಕೆ ಮುಂಚಿನ ಉಪವಾಸವನ್ನು ಕೆಲವರು ಒಂದು ದಿನ ಮಾಡುತ್ತಾರೆ, ಕೆಲವರು ಎರಡು ದಿನ, ಕೆಲವರು ಇನ್ನೂ ಹೆಚ್ಚು, ಮತ್ತೆ ಕೆಲವರು ಹಗಲಿರುಳು ಸೇರಿಸಿ ನಲವತ್ತು ಗಂಟೆ. ಆದರೂ ಹಿಂದಿನವರು ಇದಕ್ಕಾಗಿ ಕಾದಾಡದೆ ಶಾಂತಿಯಿಂದಿದ್ದರು ಎಂಬುದು ಆ ಕಾಗದದ ಸಾರ. ನಾಲ್ಕನೆಯ ಶತಮಾನದಲ್ಲಿ ಯೂಸೀಬಿಯಸನು ತನ್ನ ಚರಿತ್ರೆಯಲ್ಲಿ ಅದನ್ನು ಎತ್ತಿ ಬರೆದುಕೊಂಡುದರಿಂದ ನಮಗೆ ಉಳಿದು ಬಂದಿದೆ. 325ರಲ್ಲಿ ನೈಸಿಯಾದಲ್ಲಿ ಸೇರಿದ ಮಹಾಸಭೆಯ ಐದನೆಯ ಕಟ್ಟಳೆಯಲ್ಲಿ ‘ನಲವತ್ತು’ ಎಂಬ ಹೆಸರು ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣುತ್ತದೆ. ಅದೂ ಊಟದ ಪ್ರಸ್ತಾಪದಲ್ಲಲ್ಲ. ಪ್ರಾಂತದ ಬಿಷಪ್ಪರು ವರ್ಷಕ್ಕೆ ಎರಡು ಸಲ ಸೇರಿ ವ್ಯಾಜ್ಯಗಳನ್ನು ತೀರಿಸಬೇಕು, ಒಂದು ಸಭೆ ನಲವತ್ತರ ಮುಂಚೆ ನಡೆಯಬೇಕು, ಮನಸ್ಸಿನ ಕಸಿವಿಸಿಗಳನ್ನೆಲ್ಲ ಕಳೆದುಕೊಂಡು ದೇವರಿಗೆ ಶುದ್ಧವಾದ ಕಾಣಿಕೆಯನ್ನು ಒಪ್ಪಿಸುವಂತಾಗಬೇಕು ಎಂದು ಅಲ್ಲಿ ಹೇಳಿದೆ. ಜಗಳ ತೀರಿಸಿಕೊಂಡ ಮೇಲೆ ವ್ರತ ಎಂಬ ಕ್ರಮ ನೋಡಿ!

ಅಲ್ಲಿಂದ ಮುಂದೆ ಹತ್ತಿಪ್ಪತ್ತು ವರ್ಷಗಳಲ್ಲಿ ಈ ಪದ್ಧತಿ ಬೇಗಬೇಗನೆ ಹರಡಿತು. ಈಜಿಪ್ಟಿನ ಅಥನೇಸಿಯಸನು ದೇಶಭ್ರಷ್ಟನಾಗಿ ರೋಮಿನಲ್ಲಿದ್ದಾಗ, ಸುಮಾರು 340ರಲ್ಲಿ, ಲೋಕವೆಲ್ಲ ನಲವತ್ತು ದಿನ ಉಪವಾಸವಿರುವಾಗ ಈಜಿಪ್ಟಿನವರು ಮಾತ್ರ ಸುಮ್ಮನಿದ್ದು ನಗೆಗೀಡಾಗಬಾರದೆಂದು ಊರಿಗೆ ಬರೆದು ಕಳುಹಿಸಿದನು. ಮೋಶೆಯು ಸೀನಾಯಿ ಬೆಟ್ಟದ ಮೇಲೆ ನಲವತ್ತು ದಿನ ಇದ್ದುದು, ಎಲೀಯನು ನಲವತ್ತು ದಿನ ನಡೆದು ಹೋರೇಬನ್ನು ಸೇರಿದುದು, ಯೇಸುವು ನಲವತ್ತು ದಿನ ಅರಣ್ಯದಲ್ಲಿದ್ದುದು ಈ ಎಣಿಕೆಗೆ ಆಧಾರ.

ಆದರೆ ನಲವತ್ತು ದಿನ ಬೇಕಾದದ್ದು ಏತಕ್ಕೆ? ಆ ಕಾಲದಲ್ಲಿ ಕ್ರೈಸ್ತರಾಗುವವರು ಬಹುಮಟ್ಟಿಗೆ ವಯಸ್ಕರು. ಅವರಿಗೆ ದೀಕ್ಷಾಸ್ನಾನವಾಗುತ್ತಿದ್ದುದು ಮುಖ್ಯವಾಗಿ ಪಾಸ್ಕ ಹಬ್ಬದ ಹಿಂದಿನ ರಾತ್ರಿ. ಅದಕ್ಕೆ ಮುಂಚೆ ಅವರಿಗೆ ಪಾಠವಾಗಬೇಕು, ನಡತೆ ತಿದ್ದಬೇಕು. ನಲವತ್ತು ದಿನವೆಂಬುದು ಆ ಕಡೆಯ ಪಾಠದ ಅವಧಿ. ಅವರ ಜೊತೆಗೆ ಊರಿನ ಉಳಿದ ಕ್ರೈಸ್ತರೂ ಉಪವಾಸವಿದ್ದು, ಕೂತು ಕೇಳಿ, ತಾವು ಹಿಂದೆ ಕಲಿತುದನ್ನು ಮತ್ತೊಮ್ಮೆ ಕಲಿಯುತ್ತಿದ್ದರು.

ಈ ಪಾಠಶಾಲೆಯ ಒಳಗೆ ಹೋಗಿ ನೋಡಿ ಬಂದ ಒಬ್ಬ ಹೆಂಗಸಿನ ಬರವಣಿಗೆ ನಮಗೆ ದೊರೆತಿರುವುದು ಭಾಗ್ಯವೇ ಸರಿ. ಎಜೀರಿಯಾ ಎಂಬ ಈಕೆ ಯುರೋಪಿನ ಪಶ್ಚಿಮದ ಅಂಚಿನಿಂದ ಹೊರಟು 381ರಿಂದ 384ರ ನಡುವೆ ಪುಣ್ಯಭೂಮಿಯಲ್ಲೆಲ್ಲ ಸಂಚರಿಸಿ, ಊರಿನಲ್ಲಿದ್ದ ತನ್ನ ಸಹೋದರಿಯರಿಗೆ ಕಂಡದ್ದನ್ನೆಲ್ಲ ಬರೆದಳು. ಆ ಬರವಣಿಗೆಯ ಒಂದು ಪ್ರತಿ, ಮೊದಲೂ ಕೊನೆಯೂ ಕಳೆದುಹೋದದ್ದು, 1884ರಲ್ಲಿ ಇಟಲಿಯ ಅರೆಟ್ಸೊ ಊರಿನಲ್ಲಿ ಸಿಕ್ಕಿತು. ಪಂಡಿತರ ಲ್ಯಾಟಿನ್ ಅಲ್ಲ ಅವಳದು. ಮನೆಗೆ ಕಾಗದ ಬರೆಯುವ ಹೆಂಗಸಿನ ಭಾಷೆ. ಏನನ್ನೂ ಬಿಡದೆ, ಯಾವ ಜಾವದಲ್ಲಿ ಎಲ್ಲಿ ಕೂತರು, ಯಾರು ಮಾತಾಡಿದರು, ಜನ ಏನು ಮಾಡಿದರು ಎಂದು ಹೇಳುತ್ತ ಹೋಗುತ್ತಾಳೆ.

ಜೆರುಸಲೇಮಿನಲ್ಲಿ ಕಂಡದ್ದನ್ನು ಅವಳು ಹೀಗೆ ತಿಳಿಸುತ್ತಾಳೆ. ವ್ರತ ಆರಂಭವಾಗುವ ಹಿಂದಿನ ದಿನ ದೀಕ್ಷೆ ಬಯಸುವವರು ಹೆಸರು ಕೊಡುತ್ತಾರೆ. ಮಾರನೆಯ ದಿನ ದೊಡ್ಡ ಇಗರ್ಜಿಯಲ್ಲಿ ಬಿಷಪ್ಪನ ಪೀಠ ಹಾಕಿ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಗಂಡಸರ ಜೊತೆಗೆ ಜ್ಞಾನತಂದೆ, ಹೆಂಗಸರ ಜೊತೆಗೆ ಜ್ಞಾನತಾಯಿ. ಬಿಷಪ್ಪನು ಪ್ರಶ್ನೆ ಕೇಳುವುದು ಅಭ್ಯರ್ಥಿಯನ್ನಲ್ಲ, ನೆರೆಹೊರೆಯವರನ್ನು! ಇವನು ಒಳ್ಳೆಯ ಬಾಳು ಬಾಳುತ್ತಾನೆಯೆ, ತಂದೆತಾಯಿಗಳನ್ನು ಗೌರವಿಸುತ್ತಾನೆಯೆ, ಕುಡುಕನಲ್ಲವಷ್ಟೆ, ಸುಳ್ಳನಲ್ಲವಷ್ಟೆ ಎಂದು ವಿಚಾರಿಸುತ್ತಾನೆ. ಸರಿಯೆಂದು ಕಂಡರೆ ತನ್ನ ಕೈಯಾರೆ ಹೆಸರು ಬರೆದುಕೊಳ್ಳುತ್ತಾನೆ. ಇಲ್ಲವಾದರೆ, ಹೋಗಿ ತಿದ್ದಿಕೊಂಡು ಬಾ ಎಂದು ಕಳುಹಿಸುತ್ತಾನೆ. ಪರಸ್ಥಳದವನಾಗಿ, ಅವನನ್ನು ಬಲ್ಲವರು ಯಾರೂ ಇಲ್ಲದಿದ್ದರೆ ಪ್ರವೇಶ ದೊರೆಯುವುದು ಕಷ್ಟವೆಂದೂ ಎಜೀರಿಯಾ ಹೇಳುತ್ತಾಳೆ. ಯಾವುದೇ ಪರೀಕ್ಷಾಮಂಡಲಿಗೂ ಹೊಳೆಯದ ಪ್ರವೇಶ ಪರೀಕ್ಷೆಯಿದು.

ಅನಂತರ ಪಾಠ. ಬೆಳಿಗ್ಗೆ ಮೂರು ಗಂಟೆಗಳ ಹೊತ್ತು ಬಿಷಪ್ಪನೇ ಕೂತು ಸೃಷ್ಟಿಯ ಕಥೆಯಿಂದ ಹಿಡಿದು ಧರ್ಮಗ್ರಂಥವನ್ನೆಲ್ಲ ಮೊದಲು ವಾಚ್ಯಾರ್ಥದಲ್ಲಿಯೂ ಆಮೇಲೆ ಗೂಢಾರ್ಥದಲ್ಲಿಯೂ ವಿವರಿಸುತ್ತಾನೆ. ಸುತ್ತಲೂ ದೀಕ್ಷಾರ್ಥಿಗಳು, ಅವರ ಜ್ಞಾನತಂದೆ ತಾಯಿಗಳೂ, ಕೇಳಬೇಕೆಂದು ಬಂದ ಇತರ ಕ್ರೈಸ್ತರೂ ಕೂಡುತ್ತಾರೆ. ಐದು ವಾರ ಕಳೆದ ಮೇಲೆ ವಿಶ್ವಾಸಸಂಗ್ರಹವನ್ನು ಅವರಿಗೆ ಕೊಡುತ್ತಾರೆ. ಅದನ್ನು ಬರೆದುಕೊಳ್ಳುವಂತಿಲ್ಲ, ಬಾಯಿಪಾಠ ಮಾಡಬೇಕು. ಕೊನೆಯಲ್ಲಿ ಒಬ್ಬೊಬ್ಬರೂ ಬಂದು ಬಿಷಪ್ಪನಿಗೆ ಹಿಂದಕ್ಕೆ ಒಪ್ಪಿಸಬೇಕು. ‘ಪಾಠ ಒಪ್ಪಿಸುವುದು’ ಎಂದು ನಮ್ಮ ಕೂಲಿಮಠಗಳಲ್ಲಿ ಹೇಳುತ್ತಿದ್ದ ಮಾತನ್ನೇ ಲ್ಯಾಟಿನಿನಲ್ಲಿಯೂ ಹೇಳುತ್ತಿದ್ದರೆಂಬುದು ನನಗೆ ಬಹಳ ಹಿತವೆನಿಸಿತು. ಕೊಟ್ಟದ್ದನ್ನು ಹಿಂದಕ್ಕೆ ಕೊಡುವುದು ಎಂದೇ ಅದರ ಅರ್ಥ.

ಭಾಷೆಯ ವಿಷಯವೂ ಒಂದುಂಟು. ಆ ಊರಿನಲ್ಲಿ ಕೆಲವರಿಗೆ ಗ್ರೀಕ್, ಕೆಲವರಿಗೆ ಸುರಿಯಾನಿ, ಕೆಲವರಿಗೆ ಎರಡೂ ಬರುತ್ತಿತ್ತು. ಬಿಷಪ್ಪನು ಸುರಿಯಾನಿ ಬಲ್ಲವನಾದರೂ ಗ್ರೀಕಿನಲ್ಲಿಯೇ ಮಾತಾಡಬೇಕು. ಆದ್ದರಿಂದ ಪಕ್ಕದಲ್ಲಿ ಒಬ್ಬ ಪಾದ್ರಿ ನಿಂತು ಅದನ್ನು ಸುರಿಯಾನಿಯಲ್ಲಿ ಹೇಳುತ್ತಿದ್ದನು. ಎರಡೂ ಬಾರದ ಲ್ಯಾಟಿನಿನವರಿಗೆ, ಗ್ರೀಕ್ ಮತ್ತು ಲ್ಯಾಟಿನ್ ಬಲ್ಲ ಸಹೋದರ ಸಹೋದರಿಯರು ತಿಳಿಸಿ ಹೇಳುತ್ತಿದ್ದರು. ಅರ್ಥವಾಗದೆ ಯಾರೂ ಕೂತಿರಬಾರದು ಎಂಬುದು ಅವರ ಎಣಿಕೆ.

ಇನ್ನು ಉಪವಾಸ. ಅದೂ ಕಠಿಣವಾಗಿಯೇ ಇತ್ತು. ರೊಟ್ಟಿಯಿಲ್ಲ, ಎಣ್ಣೆಯಿಲ್ಲ, ಮರದಲ್ಲಿ ಬಿಡುವ ಯಾವ ಫಲವೂ ಇಲ್ಲ. ನೀರು, ಸ್ವಲ್ಪ ಹಿಟ್ಟಿನ ಅಂಬಲಿ, ಅಷ್ಟೆ. ಕೆಲವರು ಭಾನುವಾರ ಉಂಡವರು ಮುಂದಿನ ಶನಿವಾರದವರೆಗೂ ಉಣ್ಣುತ್ತಿರಲಿಲ್ಲ. ಅಷ್ಟು ಆಗದವರು ನಡುವೆ ಒಮ್ಮೆ, ಅದೂ ಆಗದವರು ಎರಡು ದಿನಕ್ಕೊಮ್ಮೆ, ಅದೂ ಆಗದವರು ದಿನವೂ ಸಂಜೆ ಉಣ್ಣುತ್ತಿದ್ದರು. ಇದನ್ನು ಬರೆದು ಎಜೀರಿಯಾ ಸೇರಿಸುವ ಒಂದು ಮಾತು ಮುಖ್ಯವಾದದ್ದು: ಇಷ್ಟೇ ಮಾಡಬೇಕೆಂದು ಯಾರೂ ಯಾರನ್ನೂ ನಿರ್ಬಂಧಿಸುವುದಿಲ್ಲ, ಪ್ರತಿಯೊಬ್ಬನೂ ಕೈಲಾದಷ್ಟು ಮಾಡುತ್ತಾನೆ; ಹೆಚ್ಚು ಮಾಡಿದವನನ್ನು ಹೊಗಳುವುದೂ ಇಲ್ಲ, ಕಡಿಮೆ ಮಾಡಿದವನನ್ನು ತೆಗಳುವುದೂ ಇಲ್ಲ. ಪಾಠಕ್ಕೆ ಹಾಜರಾತಿ ಉಂಟು, ಹಸಿವಿಗೆ ಇಲ್ಲ.

ಈಕೆ ಬರುವುದಕ್ಕೆ ಮೂವತ್ತು ವರ್ಷ ಹಿಂದೆ, ಸುಮಾರು 350ರಲ್ಲಿ, ಅದೇ ಜೆರುಸಲೇಮಿನಲ್ಲಿ ಸಿರಿಲನು ಮಾಡಿದ ಪಾಠಗಳೂ ಉಳಿದಿವೆ. ಒಂದು ಪೀಠಿಕೆ, ಹದಿನೆಂಟು ಉಪನ್ಯಾಸ. ಪಾಠ ಹೇಳುವ ಯಾರೇ ಆಗಲಿ ಆ ಪೀಠಿಕೆಯನ್ನು ಓದಬೇಕು. ವಿದ್ಯಾರ್ಥಿಗಳ ಮನಸ್ಸನ್ನು ಬಲ್ಲ ಮೇಷ್ಟ್ರು ಆತ. ನಿಮ್ಮಲ್ಲಿ ಯಾವನೋ ಒಬ್ಬ ಹುಡುಗಿಯ ಮನವೊಲಿಸಲು ಬಂದಿರಬಹುದು, ಯಾವನೋ ಆಳು ಧಣಿಯ ಮೆಚ್ಚುಗೆಗಾಗಿ, ಇನ್ನಾವನೋ ಸ್ನೇಹಿತನ ದಾಕ್ಷಿಣ್ಯಕ್ಕಾಗಿ ಬಂದಿರಬಹುದು, ಆಗಲಿ, ಬಲೆಗೆ ಬಿದ್ದಿರಿ, ಇನ್ನು ಓಡಬೇಡಿ ಎಂಬ ಅರ್ಥದಲ್ಲಿ ನಕ್ಕು ಮಾತಾಡುತ್ತಾನೆ. ಪಾಠವನ್ನು ಮನೆ ಕಟ್ಟುವುದಕ್ಕೆ ಹೋಲಿಸಿ, ಕಲ್ಲಿಗೆ ಕಲ್ಲು ಕ್ರಮವಾಗಿ ಹೊಂದದೆ ಹೋದರೆ ಮಾಡಿದ ಕೆಲಸವೆಲ್ಲ ವ್ಯರ್ಥವೆಂದು ಎಚ್ಚರಿಸುತ್ತಾನೆ. ಒಂದು ದಿನ ತಪ್ಪಿಸಿಕೊಂಡು ಮಾರನೆಯ ದಿನ ಬಂದು ಕೂಡುವವರಿಗೆ ಇದಕ್ಕಿಂತ ಹೆಚ್ಚು ಏನು ಹೇಳಬೇಕು!

ದೊಡ್ಡವರೂ ಈ ತರಗತಿಗಳಲ್ಲಿ ಕೂತಿದ್ದರು. ರೋಮಿನ ವಿಕ್ಟೊರೀನಸನು ಅಲಂಕಾರಶಾಸ್ತ್ರದ ಹೆಸರಾಂತ ಗುರು. ಬದುಕಿರುವಾಗಲೇ ಅವನಿಗೆ ಪಟ್ಟಣದಲ್ಲಿ ಪ್ರತಿಮೆ ನಿಂತಿತ್ತು. ಮುಪ್ಪಿನಲ್ಲಿ ಅವನು ದೀಕ್ಷೆಗೆ ಬಂದಾಗ, ನಾಚಿಕೆಯಾಗುವವರಿಗೆ ರಿಯಾಯಿತಿಯಿದ್ದಂತೆ ಏಕಾಂತದಲ್ಲಿ ಪಾಠ ಒಪ್ಪಿಸಬಹುದೆಂದು ಪಾದ್ರಿಗಳು ಹೇಳಿದರಂತೆ. ಅವನು ಒಪ್ಪದೆ ಎಲ್ಲರೆದುರಿಗೆ ಎತ್ತರದಲ್ಲಿ ನಿಂತೇ ಒಪ್ಪಿಸಿದನು. ಜನಸಮೂಹದಲ್ಲಿ ಅವನ ಹೆಸರು ಬಾಯಿಂದ ಬಾಯಿಗೆ ಹರಿಯಿತೆಂದು ಅಗಸ್ಟೀನನು ತನ್ನ ಆತ್ಮನಿವೇದನೆಯಲ್ಲಿ ಬರೆದಿದ್ದಾನೆ. ಆ ಅಗಸ್ಟೀನನೂ ಮೇಷ್ಟ್ರೇ. ಮಿಲಾನಿನಲ್ಲಿ ವಾಗ್ಮಿತೆಯನ್ನು ಕಲಿಸುತ್ತಿದ್ದವನು ಆ ಹುದ್ದೆಯನ್ನು ಬಿಟ್ಟು, 387ರ ನಲವತ್ತು ದಿನಗಳಲ್ಲಿ ಇತರ ದೀಕ್ಷಾರ್ಥಿಗಳ ಸಾಲಿನಲ್ಲಿ ಸೇರಿಕೊಂಡು, ಪಾಸ್ಕ ಹಬ್ಬದ ರಾತ್ರಿ ಬಿಷಪ್ ಆಂಬ್ರೋಸನ ಕೈಯಿಂದ ದೀಕ್ಷಾಸ್ನಾನ ಪಡೆದನು.

ಅದೇ 387ರ ಅದೇ ನಲವತ್ತು ದಿನಗಳು ಸಿರಿಯಾದ ಅಂತಿಯೋಕ್ಯ ಪಟ್ಟಣಕ್ಕೆ ಬೇರೊಂದು ಬಗೆಯಲ್ಲಿ ಬಂದುವು. ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಈ ಕಥೆಯನ್ನೇ.

ಚಕ್ರವರ್ತಿ ಥಿಯೊಡೋಷಿಯಸನು ಆ ವರ್ಷ ಹೊಸ ತೆರಿಗೆ ಹಾಕಿದನು. ವ್ರತ ಆರಂಭವಾಗುವ ಸ್ವಲ್ಪ ಮುಂಚೆ ಆಜ್ಞೆ ಊರಿಗೆ ತಲುಪಿತು. ಜನ ರೊಚ್ಚಿಗೆದ್ದರು. ಚಕ್ರವರ್ತಿಯ, ತೀರಿಹೋಗಿದ್ದ ಮಹಾರಾಣಿಯ, ಮಕ್ಕಳ ಪ್ರತಿಮೆಗಳನ್ನು ಉರುಳಿಸಿ ಬೀದಿಯಲ್ಲಿ ಎಳೆದಾಡಿದರು. ಎಲ್ಲ ನಡೆದದ್ದು ಕೆಲವೇ ಗಂಟೆಗಳಲ್ಲಿ. ಆ ಕಾಲದ ನ್ಯಾಯದಲ್ಲಿ ಪ್ರತಿಮೆಗೆ ಮಾಡಿದ ಅವಮಾನ ದೊರೆಗೇ ಮಾಡಿದ ದ್ರೋಹ. ಊರಿಗೆ ಊರನ್ನೇ ಸುಟ್ಟುಹಾಕಿದರೂ ಕೇಳುವವರಿಲ್ಲ. ಅಮಲು ಇಳಿದ ಮೇಲೆ ಭಯ ಹತ್ತಿತು. ಸ್ಥಳದ ಅಧಿಕಾರಿ ಕೈಗೆ ಸಿಕ್ಕಿದ ಕೆಲವರನ್ನು ಕೊಲ್ಲಿಸಿದನು. ಉಳ್ಳವರು ಹೆಂಡಿರು ಮಕ್ಕಳೊಡನೆ ಊರು ಬಿಟ್ಟು ಬೆಟ್ಟಕಾಡುಗಳ ಪಾಲಾದರು. ವಯಸ್ಸಾದ ಬಿಷಪ್ ಫ್ಲೇವಿಯನನು, ತನ್ನ ಒಬ್ಬಳೇ ತಂಗಿ ಸಾಯುವ ಸ್ಥಿತಿಯಲ್ಲಿದ್ದರೂ ಅವಳನ್ನು ಬಿಟ್ಟು, ಕ್ಷಮೆ ಬೇಡುವುದಕ್ಕಾಗಿ ಸಾವಿರ ಕಿಲೋಮೀಟರಿಗೂ ಮಿಕ್ಕ ದೂರದ ಕಾನ್‌ಸ್ಟಾಂಟಿನೋಪಲಿಗೆ ಹೊರಟನು.

ಊರಿನಲ್ಲಿ ಉಳಿದವನು ಯೋಹಾನ. ಅವನು ಪಾದ್ರಿಯಾಗಿ ಒಂದು ವರ್ಷವಾಗಿತ್ತು. ಮುಂದಿನವರು ‘ಬಂಗಾರದ ಬಾಯಿ’ ಎಂಬ ಅರ್ಥದಲ್ಲಿ ಕ್ರಿಸೊಸ್ತೊಮ್ ಎಂದು ಕರೆದದ್ದು ಇವನನ್ನೇ. ಏಳು ದಿನ ಸುಮ್ಮನಿದ್ದು, ಆಮೇಲೆ ಮಾತಾಡಲಾರಂಭಿಸಿದನು. ಆ ನಲವತ್ತು ದಿನಗಳಲ್ಲಿ ಅವನು ಮಾಡಿದ ಉಪನ್ಯಾಸಗಳು ‘ಪ್ರತಿಮೆಗಳ ಉಪನ್ಯಾಸ’ಗಳೆಂದು ಪ್ರಸಿದ್ಧವಾಗಿವೆ, ಸಾಮಾನ್ಯವಾಗಿ ಇಪ್ಪತ್ತೊಂದೆಂದು ಎಣಿಸುತ್ತಾರೆ. ಪೇಟೆ ಬರಿದಾಗಿ ಇಗರ್ಜಿ ತುಂಬಿಹೋಗಿದೆ ಎಂದು ಅವನೇ ಒಂದು ಕಡೆ ಹೇಳುತ್ತಾನೆ.

ನಾಳೆ ತಲೆ ಹೋದೀತೆಂದು ನಡುಗುತ್ತ ಕೂತ ಜನಕ್ಕೆ ಏನು ಹೇಳಬೇಕು? ಸಮಾಧಾನ ಹೇಳಿದನು, ನಿಜ. ಆದರೆ ಅವನು ಪಟ್ಟು ಹಿಡಿದು ಕಲಿಸಿದ್ದು ತೀರ ಸಣ್ಣದೆಂದು ತೋರುವ ಒಂದು ಪಾಠ: ಮಾತು ಮಾತಿಗೆ ಆಣೆ ಹಾಕುವ ಚಾಳಿಯನ್ನು ಬಿಡಿ ಎಂಬುದು. ಅದರ ಜೊತೆಗೆ ಇನ್ನೆರಡು: ಯಾರ ಮೇಲೂ ಕೆಟ್ಟ ಮಾತು ಆಡಬೇಡಿ, ಯಾರ ಮೇಲೂ ಹಗೆ ಇಟ್ಟುಕೊಳ್ಳಬೇಡಿ. ಸಣ್ಣ ವ್ಯಾಪಾರಗಳಿಗೂ ದೇವರ ಮೇಲೆ ಆಣೆ ಇಡಿಸುವುದು ಆ ಊರಿನ ರೂಢಿ. ಉಪನ್ಯಾಸ ಎಲ್ಲಿಂದ ಹೊರಟರೂ ಆಣೆಯ ವಿಷಯಕ್ಕೆ ಬಂದು ನಿಲ್ಲುತ್ತಿತ್ತು. ಜನಕ್ಕೆ ಬೇಸರ ಬಂದಿರಬೇಕು. ನೀವು ಬಿಡುವವರೆಗೆ ನಾನೂ ಹೇಳುವುದನ್ನು ಬಿಡುವುದಿಲ್ಲ ಎಂಬುದು ಅವನ ಹಟ. ಒಂದು ಅಕ್ಷರ ಸರಿಯಾಗಿ ಬರುವವರೆಗೆ ಅದನ್ನೇ ತಿದ್ದಿಸುತ್ತಿದ್ದ ಐಗಳ ನೆನಪಾಗುತ್ತದೆ.

ಉಪವಾಸದ ಬಗ್ಗೆ ಅವನ ಮಾತು ನೇರವಾಗಿತ್ತು. ಬಾಯಿಗೆ ಮಾತ್ರ ಉಪವಾಸವೆ? ಕಣ್ಣಿಗೆ ಬೇಡವೆ, ಕಿವಿಗೆ ಬೇಡವೆ, ಕೈಗೆ ಬೇಡವೆ? ಹಕ್ಕಿ ಮೀನುಗಳನ್ನು ಮುಟ್ಟದೆ ಒಡಹುಟ್ಟಿದವರನ್ನು ಬಾಯಿಮಾತಿನಿಂದ ಕಚ್ಚಿ ತಿನ್ನುವವನ ವ್ರತಕ್ಕೆ ಏನು ಬೆಲೆ? ಹೀಗೆ ಕೇಳುತ್ತಾನೆ. ಊಟ ಮಾಡಿಬಿಟ್ಟೆವು, ಇನ್ನು ಇಗರ್ಜಿಗೆ ಹೇಗೆ ಬರುವುದು ಎಂದು ಸಂಕೋಚಪಟ್ಟು ಮನೆಯಲ್ಲುಳಿದವರಿಗೆ, ಹಿತವಾಗಿ ಉಂಡೇ ಬನ್ನಿ, ಆದರೆ ಕೇಳುವುದನ್ನು ತಪ್ಪಿಸಿಕೊಳ್ಳಬೇಡಿ ಎಂದು ಹೇಳಿಕಳಿಸಿದನು. ಹಾಗೆ ಉಂಡು ಬಂದವರನ್ನು ಮರುದಿನ ಮೆಚ್ಚಿಕೊಂಡನು ಕೂಡ. ವ್ರತ ಅರ್ಧ ಕಳೆದಾಗ, ಸದ್ಯ ಅರ್ಧ ಮುಗಿಯಿತಲ್ಲ ಎಂದು ಹಿಗ್ಗುವವರನ್ನು ಕಂಡು, ದಿನ ಅರ್ಧ ಕಳೆದದ್ದಕ್ಕೆ ಹಿಗ್ಗುವುದೇಕೆ, ನಿಮ್ಮ ದೋಷಗಳಲ್ಲಿ ಅರ್ಧ ಕಳೆಯಿತೆ ನೋಡಿಕೊಳ್ಳಿ ಎಂದನು. ಮುಂದಿನ ವರ್ಷದ ವ್ರತವನ್ನು ನೆನೆದು ಈಗಲೇ ಹೆದರುವವರೂ ಇದ್ದರಂತೆ! ಮನುಷ್ಯ ಸ್ವಭಾವ ಹದಿನಾರು ಶತಮಾನಗಳಲ್ಲಿ ಹೆಚ್ಚು ಬದಲಾದಂತಿಲ್ಲ.

ಈ ನಡುವೆ ರಾಜಧಾನಿಯಿಂದ ಇಬ್ಬರು ಹಿರಿಯ ಅಧಿಕಾರಿಗಳು ವಿಚಾರಣೆಗೆ ಬಂದರು. ಊರಿನ ಪದವಿಯನ್ನು ಕಿತ್ತು ನೆರೆಯ ಲವೊದಿಕೀಯದ ಕೈಕೆಳಗೆ ಹಾಕಲಾಯಿತು. ನಾಟಕಶಾಲೆ, ಸ್ನಾನಗೃಹಗಳಿಗೆ ಬೀಗ ಬಿತ್ತು. ಊರಿನ ಮುಖಂಡರನ್ನು ಸರಪಳಿ ಹಾಕಿ ಎಳೆತಂದರು. ವಿಚಾರಣೆ ನಡೆಯುತ್ತಿದ್ದ ಕಟ್ಟಡದ ಹೊಸ್ತಿಲಲ್ಲಿ, ಒಳಗೆ ಹಿಂಸೆಗೊಳಗಾಗಿದ್ದವನೊಬ್ಬನ ತಾಯಿ ಮತ್ತು ತಂಗಿ ನೆಲದ ಮೇಲೆ ಬಿದ್ದು ಹೊರಳುತ್ತಿದ್ದುದನ್ನು ಯೋಹಾನನು ಕಣ್ಣಾರೆ ಕಂಡು ಹೇಳಿದ್ದಾನೆ. ಅವರೊಡನೆ ಒಬ್ಬ ಆಳೂ ಇರಲಿಲ್ಲ, ನೆರೆಯವಳೂ ಇರಲಿಲ್ಲ. ಆಗ ಊರಾಚೆಯ ಬೆಟ್ಟಗಳ ಗುಹೆಗಳಲ್ಲಿದ್ದ ಸನ್ಯಾಸಿಗಳು ಇಳಿದುಬಂದರು. ಅವರಲ್ಲಿ ಮೆಸೆಡೋನಿಯಸ್ ಎಂಬವನು ಅಕ್ಷರ ಬಾರದವನು. ಅವನು ಬೀದಿಯಲ್ಲಿ ಅಧಿಕಾರಿಯ ಬಟ್ಟೆ ಹಿಡಿದು ನಿಲ್ಲಿಸಿ, ಕಂಚಿನ ಬೊಂಬೆಗಳನ್ನು ಮತ್ತೆ ಎರಕ ಹೊಯ್ಯಬಹುದು, ಕೊಂದ ಮನುಷ್ಯನ ಒಂದು ಕೂದಲನ್ನು ನಿಮ್ಮ ದೊರೆ ಮಾಡಿಕೊಡಬಲ್ಲನೇ ಎಂದು ಕೇಳಿದನೆಂದು ಥಿಯೊಡೊರೆಟನು ಬರೆದಿದ್ದಾನೆ. ಅಧಿಕಾರಿಗಳು ಶಿಕ್ಷೆಯನ್ನು ತಡೆಹಿಡಿದು, ಅವರಲ್ಲಿ ಒಬ್ಬನು ತಾನೇ ವರದಿ ಹೊತ್ತು ರಾಜಧಾನಿಗೆ ಧಾವಿಸಿದನು.

ಪಾಸ್ಕ ಹಬ್ಬದ ಹೊತ್ತಿಗೆ ಮುದುಕ ಫ್ಲೇವಿಯನನು ಕ್ಷಮಾಪತ್ರದೊಡನೆ ಹಿಂದಿರುಗಿದನು. ತನ್ನ ಪ್ರತಿಮೆಗೆ ಕಲ್ಲು ಬಿತ್ತೆಂದು ಕೇಳಿದ ಹಿಂದಿನ ದೊರೆ ಕಾನ್‌ಸ್ಟಂಟೈನನು ಮುಖವನ್ನು ಸವರಿಕೊಂಡು, ನನಗೆಲ್ಲೂ ಗಾಯವಾಗಿಲ್ಲವಲ್ಲ ಎಂದು ನಕ್ಕ ಕಥೆಯನ್ನು ಬಿಷಪ್ಪನು ಥಿಯೊಡೋಷಿಯಸನಿಗೆ ನೆನಪಿಸಿದನಂತೆ. ಈ ಬಿಡುಗಡೆಯ ಕೀರ್ತಿ ಯಾರದೆಂಬುದರಲ್ಲಿ ಭಿನ್ನಾಭಿಪ್ರಾಯವುಂಟು. ಅದೇ ಊರಿನ ಲಿಬೇನಿಯಸನು ಹಳೆಯ ದೇವತೆಗಳನ್ನು ಪೂಜಿಸುತ್ತಿದ್ದ ವಾಗ್ಮಿ. ಅವನು ಈ ಪ್ರಸಂಗವನ್ನು ಬರೆಯುವಾಗ ಅಧಿಕಾರಿಗಳನ್ನೇ ಹೆಚ್ಚು ಹೊಗಳುತ್ತಾನೆ. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿರಬೇಕೆಂದು ನನ್ನ ತಿಳಿವಳಿಕೆ. ಊರು ಉಳಿಯಿತು. ಆಣೆಯ ಚಾಳಿ ಉಳಿಯಿತೋ ಅಳಿಯಿತೋ! ವ್ರತದ ಕಡೆಯ ದಿನಗಳ ಉಪನ್ಯಾಸದಲ್ಲಿಯೂ ಯೋಹಾನನು, ನಲವತ್ತು ದಿನ ಕಳೆಯುತ್ತ ಬಂತು, ಇನ್ನೂ ತಿದ್ದಿಕೊಳ್ಳದವರಿದ್ದೀರಿ ಎಂದು ಗದರಿಸುತ್ತಲೇ ಇದ್ದನು.

ಐದನೆಯ ಶತಮಾನದ ಹಿರಿಯರೂ ಇದೇ ದಾರಿಯವರು. ಅಗಸ್ಟೀನನು ತಾನೇ ಬಿಷಪ್ಪನಾದ ಮೇಲೆ, ದ್ರಾಕ್ಷಾರಸವನ್ನು ಬಿಟ್ಟು ಅದಕ್ಕಿಂತ ಬೆಲೆಯುಳ್ಳ ಬೇರೆ ಹಣ್ಣಿನ ರಸಗಳನ್ನು ಹುಡುಕುವವರನ್ನು ಹಾಸ್ಯಮಾಡಿದನು. ನೀನು ಉಣ್ಣದೆ ಉಳಿಸಿದ್ದು ಹಸಿದವನ ಹೊಟ್ಟೆಗೆ ಹೋಗಬೇಕು, ಜಗಳವಾಡಿದವನನ್ನು ಕ್ಷಮಿಸಬೇಕು ಎಂದನು. 440ರಿಂದ 461ರವರೆಗೆ ರೋಮಿನ ಪೋಪನಾಗಿದ್ದ ಮಹಾ ಲಿಯೊ ವರ್ಷವರ್ಷವೂ ವ್ರತಾರಂಭದಲ್ಲಿ ಮಾಡಿದ ಉಪದೇಶಗಳಲ್ಲಿ ದಾನವಿಲ್ಲದ ಉಪವಾಸವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮುಂದೆ ಸ್ಥಿತಿ ಬದಲಾಯಿತು. ಊರಿಗೆ ಊರೇ ಕ್ರೈಸ್ತವಾಗಿ, ಹುಟ್ಟಿದ ಮಕ್ಕಳಿಗೇ ದೀಕ್ಷಾಸ್ನಾನವಾಗತೊಡಗಿದ ಮೇಲೆ ದೊಡ್ಡವರ ತರಗತಿಯ ಅಗತ್ಯ ಕಡಿಮೆಯಾಯಿತು. ವಿದ್ಯಾರ್ಥಿಗಳಿಲ್ಲದ ಶಾಲೆಯಲ್ಲಿ ಗಂಟೆ ಮಾತ್ರ ಹೊಡೆಯುತ್ತಿದ್ದಂತೆ ಆಯಿತೆಂದರೂ ತಪ್ಪಲ್ಲ. ಪಾಠ ಹೋಯಿತು, ಪಥ್ಯ ಉಳಿಯಿತು. ಪೋಪ್ ಗ್ರೆಗರಿಯ ಕಾಲಕ್ಕೆ, ಎಂದರೆ 600ರ ಆಸುಪಾಸಿನಲ್ಲಿ, ಆರು ವಾರಗಳಲ್ಲಿ ಭಾನುವಾರ ಕಳೆದು ಮೂವತ್ತಾರು ದಿನ ಉಪವಾಸ. ವರ್ಷದ ದಿನಗಳಲ್ಲಿ ದಶಮಾಂಶವನ್ನು ದೇವರಿಗೆ ಕೊಟ್ಟಂತಾಯಿತೆಂದು ಅವನು ಲೆಕ್ಕ ಹೇಳಿದನು. ಆಮೇಲೆ ನಲವತ್ತನ್ನು ತುಂಬಿಸಲು ಮುಂದುಗಡೆ ನಾಲ್ಕು ದಿನ ಸೇರಿ ವ್ರತ ಬುಧವಾರದಿಂದ ಆರಂಭವಾಯಿತು. ಪ್ರಾಯಶ್ಚಿತ್ತ ಮಾಡುವವರ ತಲೆಯ ಮೇಲೆ ಮಾತ್ರ ಹಾಕುತ್ತಿದ್ದ ಬೂದಿಯನ್ನು ಎಲ್ಲರಿಗೂ ಹಾಕಬೇಕೆಂದು 1091ರಲ್ಲಿ ಬೆನೆವೆಂಟೊ ಸಭೆ ವಿಧಿಸಿತು. ಅದಕ್ಕಿಂತ ಮುಂಚೆಯೇ, ಎಂಟನೆಯ ಶತಮಾನದ ಕೊನೆಗೆ, ಸೋತ ಸ್ಯಾಕ್ಸನರಿಗೆ ಷಾರ್ಲ್‌ಮೇನ್ ದೊರೆ ಮಾಡಿದ ಕಾನೂನಿನಲ್ಲಿ, ಮತದ ತಿರಸ್ಕಾರದಿಂದ ಈ ದಿನಗಳಲ್ಲಿ ಮಾಂಸ ತಿಂದವನಿಗೆ ಮರಣದಂಡನೆ! ಎಜೀರಿಯಾ ಕಂಡ ಜೆರುಸಲೇಮೆಲ್ಲಿ, ಇದೆಲ್ಲಿ! ಫ್ರಾನ್ಸಿನ ರುವಾನ್ ಪಟ್ಟಣದ ಪ್ರಧಾನ ದೇವಾಲಯಕ್ಕೆ ಒಂದು ‘ಬೆಣ್ಣೆಯ ಗೋಪುರ’ವಿದೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ಕಟ್ಟಲಾರಂಭಿಸಿದ್ದು. ವ್ರತದಲ್ಲಿ ಬೆಣ್ಣೆ ತಿನ್ನಲು ಅಪ್ಪಣೆ ಪಡೆದವರು ಕೊಟ್ಟ ಹಣ ಅದಕ್ಕೆ ಸೇರಿತ್ತೆಂದು ಆ ಹೆಸರು. ಕೊನೆಗೆ 1522ರ ವ್ರತದಲ್ಲಿ ಜ್ಯೂರಿಕ್ ಪಟ್ಟಣದ ಮುದ್ರಕ ಫ್ರೊಷೌವರನ ಮನೆಯಲ್ಲಿ ಕೆಲವರು ಕೂತು ಮಾಂಸದ ತುಣುಕುಗಳನ್ನು ಬೇಕೆಂದೇ ತಿಂದರು. ಪಾದ್ರಿ ಜ್ವಿಂಗ್ಲಿ ಅಲ್ಲಿದ್ದೂ ತಿನ್ನಲಿಲ್ಲ. ಆದರೆ ತಿಂದವರ ಪರವಾಗಿ ಉಪದೇಶ ಮಾಡಿ ಅಚ್ಚು ಹಾಕಿಸಿದನು. ಸ್ವಿಟ್ಜರ್ಲೆಂಡಿನ ಮತಸುಧಾರಣೆ ಒಂದು ಊಟದಿಂದ ಹೊತ್ತಿಕೊಂಡಿತು. ತಿನ್ನುವುದೂ ಬಿಡುವುದೂ ಅಷ್ಟು ದೊಡ್ಡ ವಿಷಯವಾಗಿಬಿಟ್ಟಿದ್ದ ಕಾಲ ಅದು.

ಹಳೆಯ ಪಾಠಶಾಲೆಯ ನೆನಪು ಮತ್ತೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಎಜೀರಿಯಾಳ ಬರವಣಿಗೆಯಂಥ ಹಸ್ತಪ್ರತಿಗಳು ಅಚ್ಚಾಗಿ ವಿದ್ವಾಂಸರ ಕೈಸೇರಿದುದೂ ಇದಕ್ಕೆ ಒಂದು ಕಾರಣ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಪಾಸ್ಕ ಹಬ್ಬದ ಹಿಂದಿನ ಜಾಗರಣೆಯನ್ನು, ಅಷ್ಟು ಹೊತ್ತಿಗೆ ಶನಿವಾರ ಬೆಳಿಗ್ಗೆಗೆ ಸರಿದುಹೋಗಿದ್ದುದನ್ನು, ತಿರುಗಿ ರಾತ್ರಿಗೆ ತಂದರು. 1963ರ ಡಿಸೆಂಬರ್ 4ರಂದು ಎ‌ರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾ ಸಂವಿಧಾನದಲ್ಲಿ ಈ ಕಾಲಕ್ಕೆ ಎರಡು ಮುಖಗಳನ್ನು ಹೇಳಿದೆ: ದೀಕ್ಷಾಸ್ನಾನದ ಸಿದ್ಧತೆ ಅಥವಾ ನೆನಪು ಒಂದು, ಪಶ್ಚಾತ್ತಾಪ ಇನ್ನೊಂದು. ಪಶ್ಚಾತ್ತಾಪವೂ ಬರಿಯ ಒಳಗಿನದು, ಒಬ್ಬೊಬ್ಬರದು ಆಗಿರದೆ ಹೊರಗೆ ಸಮಾಜದಲ್ಲಿಯೂ ತೋರಬೇಕೆಂದು ಸೇರಿಸಿದೆ. 1966ರಲ್ಲಿ ಪೋಪ್ ಆರನೆಯ ಪೌಲರು ಕಡ್ಡಾಯದ ಉಪವಾಸವನ್ನು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎಂಬ ಎರಡೇ ದಿನಗಳಿಗೆ ಇಳಿಸಿದರು. ಇದು ಸಡಿಲವಾಯಿತೆಂದು ಗೊಣಗಿದ ಹಿರಿಯರು ಎಲ್ಲ ದೇಶಗಳಲ್ಲಿಯೂ ಇದ್ದರು. ಅವರ ಗೊಣಗಾಟದಲ್ಲಿ ಅರ್ಥವಿಲ್ಲದೆ ಇಲ್ಲ. ಪಥ್ಯವನ್ನು ತೆಗೆದಷ್ಟು ಬೇಗ ಪಾಠವನ್ನು ತರುವುದಕ್ಕಾಗುವುದಿಲ್ಲ.

1972ರಲ್ಲಿ ವಯಸ್ಕರ ದೀಕ್ಷೆಯ ವಿಧಿ ಹೊಸದಾಗಿ ಪ್ರಕಟವಾಯಿತು. ಅದರಂತೆ ಈಗ ತಪಸ್ಸುಕಾಲದ ಮೊದಲನೆಯ ಭಾನುವಾರ, ಆ ವರ್ಷ ದೀಕ್ಷೆ ಪಡೆಯಬೇಕಾದ ದೊಡ್ಡವರನ್ನು ಬಿಷಪ್ಪರ ಮುಂದೆ ಕರೆತರುತ್ತಾರೆ. ಜ್ಞಾನತಂದೆ ತಾಯಿಗಳು ಪಕ್ಕದಲ್ಲಿ ನಿಲ್ಲುತ್ತಾರೆ. ಇವರು ಕೇಳಿದ್ದನ್ನು ಬಾಳಿನಲ್ಲಿ ನಡೆಸಲು ತೊಡಗಿದ್ದಾರೆಯೆ ಎಂದು ಅವರನ್ನೇ ಮೊದಲು ಕೇಳುತ್ತಾರೆ. ಅನಂತರ ಪುಸ್ತಕ ತೆರೆದು ಒಬ್ಬೊಬ್ಬರ ಹೆಸರನ್ನೂ ಬರೆದುಕೊಳ್ಳುತ್ತಾರೆ.